ಜಾರ್ಜ್ ಹ್ಯಾರಿಸನ್‌ನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’: ಯಾವ ಆವೃತ್ತಿಯಲ್ಲಿ ಏನಿದೆ, ಏನು ಬಿಟ್ಟುಹೋಗಿದೆ

ತುಮಕೂರಿನಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡು ಕೇಳುವವರು ಜಾಸ್ತಿ ಇಲ್ಲ. ಆದರೆ ಇರುವವರು ಸುಮ್ನೆ ಕೇಳುವವರಲ್ಲ, ಕೆದಕಿ ಕೆದಕಿ ಕೇಳುವವರು. ಅವರಲ್ಲಿ ಎಷ್ಟೋ ಜನ ಬೆಳಗ್ಗೆ ಬೆಂಗಳೂರಿನ ರೈಲು ಹತ್ತಿ ರಾತ್ರಿ ವಾಪಸ್ ಬರುವವರು. ಹಾಡಿಗೆ ಸಿಗುವ ಹೊತ್ತು ಅಂದರೆ ಅದೇ. ಅವರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: ಬೀಟಲ್ಸ್‌ನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್‌ನ ಆಲ್ಬಂ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ನ ಆವೃತ್ತಿ ಒಂದರಲ್ಲಿ 23 ಹಾಡು, ಒಂದರಲ್ಲಿ 28, ಇನ್ನೊಂದರಲ್ಲಿ 70. ಯಾವುದನ್ನು ಕೇಳೋದು? ದುಡ್ಡು ಕೊಡೋದಾದರೆ ಯಾವುದಕ್ಕೆ ಕೊಡೋದು?

70 ಇರುವುದನ್ನೇ ತಗೊಂಡರೆ ಮಿಕ್ಕಿದ್ದೆಲ್ಲ ಅದರೊಳಗೇ ಬಂತು ಅನ್ಸುತ್ತೆ, ಅಲ್ವಾ? ಬರಲ್ಲ. 28 ಹಾಡಿನ ಆವೃತ್ತಿಗೆ ಜಾರ್ಜ್ ತಾನೇ ಕೂತು ಐದು ಹಾಡು ಆರಿಸಿ ಸೇರಿಸಿದ್ದ. ಅವುಗಳಲ್ಲಿ ನಾಲ್ಕು ಆ ರೂಪದಲ್ಲಿ 70ರ ಪೆಟ್ಟಿಗೆಯಲ್ಲಿ ಇಲ್ಲ. ಹಾಗಾಗಿ ಹಾಡು ಎಣಿಸಿ ಆವೃತ್ತಿ ಆರಿಸೋದು ಬೇಡ. ಯಾವುದನ್ನು ಬಿಟ್ಟಿದ್ದಾರೆ, ಬಿಟ್ಟವರು ಯಾರು ಅನ್ನೋದನ್ನು ಮೊದಲು ನೋಡೋಣ.

ಮೂಲ ಆಲ್ಬಂ ಬಂದಿದ್ದು 1970ರ ನವೆಂಬರ್‌ನಲ್ಲಿ. ಒಂದು ಪೆಟ್ಟಿಗೆಯೊಳಗೆ ಮೂರು ಎಲ್‌ಪಿ, ಅಂದರೆ ದೊಡ್ಡ ಪ್ಲೇಟ್. ಮೊದಲ ಎರಡರಲ್ಲಿ 18 ಹಾಡು. ಮೂರನೆಯದು ‘ಆಪಲ್ ಜ್ಯಾಮ್’, ಅಂದರೆ ಸ್ಟುಡಿಯೋದಲ್ಲಿ ಗೆಳೆಯರೆಲ್ಲ ಸೇರಿ ನುಡಿಸಿದ ಐದು ತುಣುಕು. ಬೀಟಲ್ಸ್ ಕಾಲದಲ್ಲಿ ಜಾರ್ಜ್‌ಗೆ ಒಂದು ಆಲ್ಬಂನಲ್ಲಿ ಒಂದೋ ಎರಡೋ ಹಾಡಿನ ಜಾಗ ಸಿಕ್ಕರೆ ದೊಡ್ಡದು. ಬರೆದ ಹಾಡುಗಳು ರಾಶಿ ಬಿದ್ದಿದ್ದವು. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಅನ್ನುವ ಹಾಡನ್ನೇ 1969ರ ಜನವರಿಯಲ್ಲಿ ಬೀಟಲ್ಸ್ ಜೊತೆ ಮತ್ತೆ ಮತ್ತೆ ನುಡಿಸಿ ನೋಡಿದ್ದ. ಅವರ ಆಲ್ಬಂಗೆ ಅದು ಬರಲೇ ಇಲ್ಲ. ‘ವಾ-ವಾ’ ಬರೆದಿದ್ದು ಅದೇ ತಿಂಗಳು, ತಂಡದ ಮೇಲೆ ಮುನಿಸಿಕೊಂಡು ಎದ್ದು ಮನೆಗೆ ಹೋದ ದಿನ. ಆ ರಾಶಿಯೆಲ್ಲ ಕಟ್ಟೆ ಒಡೆದು ಹೊರಬಂದಿದ್ದು ಈ ಮೂರು ಪ್ಲೇಟ್‌ಗಳಲ್ಲಿ.

ಜಾರ್ಜ್ ಜೊತೆ ಇದನ್ನು ನಿರ್ಮಿಸಿದವನು ಅಮೆರಿಕದ ನಿರ್ಮಾಪಕ ಫಿಲ್ ಸ್ಪೆಕ್ಟರ್. ಒಂದೇ ಹಾಡಿಗೆ ಮೂರು ನಾಲ್ಕು ಗಿಟಾರ್, ಎರಡು ಪಿಯಾನೊ, ಎರಡು ಡ್ರಮ್ಸ್, ಅದರ ಮೇಲೆ ತುತ್ತೂರಿ, ಎಲ್ಲಕ್ಕೂ ಮೇಲಿಂದ ಗುಂಯ್ ಅನ್ನುವ ಪ್ರತಿಧ್ವನಿ. ಅವನ ಕೈಚಳಕವೇ ಅದು. ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್, ಬಿಲ್ಲಿ ಪ್ರೆಸ್ಟನ್, ಕ್ಲೌಸ್ ಫೋರ್ಮನ್, ಬ್ಯಾಡ್‌ಫಿಂಗರ್ ತಂಡದ ಹುಡುಗರು, ಎಲ್ಲರೂ ಅಲ್ಲಿದ್ದರು. ಮದುವೆ ಮನೆಯ ಊಟದ ಹಾಲ್‌ನಲ್ಲಿ ನಿಂತು ಒಬ್ಬರ ಮಾತು ಕೇಳಿಸಿಕೊಳ್ಳಲು ಒದ್ದಾಡಿದ ಹಾಗೆ, ‘ವಾ-ವಾ’ದಲ್ಲಿ ಜಾರ್ಜ್‌ನ ದನಿಯನ್ನು ಹುಡುಕಬೇಕು. ಕೆಲವರಿಗೆ ಆ ಗಲಾಟೆಯೇ ಇಷ್ಟ. ನನಗೂ ಒಂದೊಂದು ದಿನ ಇಷ್ಟ.

ಈಗ ಮರುಬಿಡುಗಡೆಗಳಿಗೆ ಬರೋಣ.

2001ರ ಜನವರಿಯಲ್ಲಿ ಬಂದಿದ್ದನ್ನು ಜಾರ್ಜ್ ತಾನೇ ಮುಂದೆ ನಿಂತು ಮಾಡಿಸಿದ. ಅದೇ ವರ್ಷದ ನವೆಂಬರ್ 29ರಂದು ತೀರಿಕೊಂಡ. ಹಾಗಾಗಿ ಈ ಆಲ್ಬಂ ಬಗ್ಗೆ ಅವನ ಕೊನೆಯ ಮಾತು ಇದು. ತೋಟದಲ್ಲಿ ಕುಳ್ಳರ ಬೊಂಬೆಗಳ ನಡುವೆ ಜಾರ್ಜ್ ಕೂತಿರುವ ಹೊದಿಕೆಯ ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಬಂತು. ಒಳಗಿನ ಚಿತ್ರಗಳಲ್ಲಿ ಅದೇ ತೋಟದ ಸುತ್ತ ಕಟ್ಟಡ, ರಸ್ತೆಗಳು ಎದ್ದು ನಿಲ್ಲುತ್ತಾ ಹೋಗುತ್ತವೆ. ಕ್ಯಾತ್ಸಂದ್ರದಿಂದ ಊರಿನೊಳಗೆ ಬರುವ ರಸ್ತೆಯನ್ನು 30 ವರ್ಷದಿಂದ ನೋಡಿದವರಿಗೆ ಆ ತಮಾಷೆ ಬಿಡಿಸಿ ಹೇಳೋದು ಬೇಡ.

ಸೇರಿಸಿದ ಐದು ಹಾಡು ಇವು. ‘ಐ ಲಿವ್ ಫಾರ್ ಯು’ 1970ರಲ್ಲಿ ಧ್ವನಿಮುದ್ರಣವಾಗಿ ಮೂಲೆ ಸೇರಿದ್ದ ಹಾಡು. ಪೀಟ್ ಡ್ರೇಕ್‌ನ ಪೆಡಲ್ ಸ್ಟೀಲ್ ಗಿಟಾರ್ ಇದರ ಜೀವ. 30 ವರ್ಷ ಆದ ಮೇಲೆ ಮಗ ಧಾನಿಯನ್ನು ಜೊತೆಗೆ ಕೂರಿಸಿಕೊಂಡು ಕೊರತೆ ಇದ್ದ ಕಡೆ ಹೊಸದಾಗಿ ನುಡಿಸಿ ಮುಗಿಸಿದ. ಅಂದಹಾಗೆ, ಮಗನಿಗೆ ಆ ಹೆಸರು ಇಟ್ಟಿದ್ದು ನಮ್ಮ ಸಪ್ತಸ್ವರದ ಧ ಮತ್ತು ನಿ ಸೇರಿಸಿ. ಎರಡನೆಯದು ‘ಬಿವೇರ್ ಆಫ್ ಡಾರ್ಕ್‌ನೆಸ್’ನ ಡೆಮೊ, ಅಂದರೆ ಕರಡು ಧ್ವನಿಮುದ್ರಣ, ಬರೀ ಗಿಟಾರ್ ಹಿಡಿದು ಹಾಡಿದ್ದು. ಮೂರನೆಯದು ‘ಲೆಟ್ ಇಟ್ ಡೌನ್’ನ ಮೆತ್ತಗಿನ ರೂಪ, ಅದಕ್ಕೂ ಆಮೇಲೆ ಸ್ವಲ್ಪ ವಾದ್ಯ ಸೇರಿಸಿದ್ದಾನೆ. ನಾಲ್ಕನೆಯದು ‘ವಾಟ್ ಈಸ್ ಲೈಫ್’ನ ಬರೀ ವಾದ್ಯದ ಟ್ರ್ಯಾಕ್. ಅದರಲ್ಲಿ ಓಬೋ ಅನ್ನುವ ಊದುವ ವಾದ್ಯ ಮತ್ತು ಸಣ್ಣ ತುತ್ತೂರಿಯ ಒಂದು ಸಾಲು ಇದೆ, ಮೂಲ ಹಾಡಿಗೆ ಬೇಡ ಅಂತ ತೆಗೆದುಹಾಕಿದ್ದು. ಐದನೆಯದು ‘ಮೈ ಸ್ವೀಟ್ ಲಾರ್ಡ್’ ಹಾಡನ್ನು 2000ದಲ್ಲಿ ಹೊಸದಾಗಿ ಹಾಡಿ, ಸ್ಲೈಡ್ ಗಿಟಾರ್ ಹೊಸದಾಗಿ ನುಡಿಸಿದ್ದು. ಆ ಹಾಡಿನ ರಾಗ ಕದ್ದದ್ದು ಅಂತ ಕೇಸ್ ನಡೆದು, 1976ರಲ್ಲಿ ನ್ಯಾಯಾಲಯ ‘ಗೊತ್ತಿಲ್ಲದೇ ಮಾಡಿದ ನಕಲು’ ಅಂದಿತ್ತು. ಅಷ್ಟಾದರೂ ಹಾಡನ್ನು ಬಿಟ್ಟುಕೊಡದೆ ಮತ್ತೆ ಹಾಡಿದ್ದಾನೆ ನೋಡಿ.

ಅಷ್ಟೊಂದು ಪ್ರತಿಧ್ವನಿ ಬೇಕಿರಲಿಲ್ಲ, ಕೆಲವು ಹಾಡನ್ನು ಆ ಭಾರದಿಂದ ಬಿಡಿಸಬೇಕು ಅನ್ಸುತ್ತೆ ಅಂತ ಈ ಆವೃತ್ತಿಯ ಪುಸ್ತಿಕೆಯಲ್ಲಿ ಜಾರ್ಜೇ ಬರೆದುಕೊಂಡಿದ್ದಾನೆ. ಆದರೂ ಮೂಲ ಮಿಕ್ಸ್, ಅಂದರೆ ದನಿ ವಾದ್ಯಗಳನ್ನು ಬೆರೆಸಿದ ಹದ, ಮುಟ್ಟಲಿಲ್ಲ. ರೀಮಾಸ್ಟರ್ ಅಷ್ಟೇ ಮಾಡಿಸಿದ, ಅದೇನು ಅಂತ ಮುಂದೆ ಹೇಳ್ತೀನಿ.

2014ರದ್ದರ ಬಗ್ಗೆ ಹೇಳೋದು ಕಡಿಮೆ. ಬೀಟಲ್ಸ್‌ನದೇ ಕಂಪನಿಯಾದ ಆಪಲ್‌ನಿಂದ ಬಂದ ಅವನ ಆಲ್ಬಂಗಳನ್ನೆಲ್ಲ ಸೇರಿಸಿ ಒಂದು ಪೆಟ್ಟಿಗೆ ಬಂತು, ಅದರಲ್ಲಿ ಇದೂ ಒಂದು. ಮತ್ತೊಂದು ಸಲ ರೀಮಾಸ್ಟರ್. 2001ರ ಸಿಡಿ ನಿಮ್ಮ ಹತ್ತಿರ ಇದ್ದರೆ ಇದಕ್ಕೆ ಮತ್ತೆ ಖರ್ಚು ಮಾಡೋದು ದಂಡ.

ದೊಡ್ಡ ಸುದ್ದಿ 2021ರ ಆಗಸ್ಟ್ 6ರದ್ದು. 50 ವರ್ಷದ ನೆನಪಿಗೆ ಧಾನಿ ಮುಂದೆ ನಿಂತು ಮಾಡಿಸಿದ್ದು, ಮಿಕ್ಸ್ ಮಾಡಿದವನು ಪಾಲ್ ಹಿಕ್ಸ್. ಇದು ರೀಮಾಸ್ಟರ್ ಅಲ್ಲ, ರೀಮಿಕ್ಸ್. ರೀಮಾಸ್ಟರ್ ಅಂದರೆ ತಯಾರಾಗಿ ನಿಂತ ಟೇಪನ್ನು ತೊಳೆದು ಒರೆಸುವ ಕೆಲಸ. ರೀಮಿಕ್ಸ್ ಅಂದರೆ ದನಿ, ಡ್ರಮ್ಸ್, ಗಿಟಾರ್ ಬೇರೆ ಬೇರೆಯಾಗಿರುವ ಟೇಪ್‌ಗೆ ಹೋಗಿ, ಯಾವುದು ಎಷ್ಟು ಜೋರು ಅಂತ ಮೊದಲಿಂದ ತೀರ್ಮಾನ ಮಾಡೋದು.

ಇದು ನಾಲ್ಕು ಅಳತೆಯಲ್ಲಿ ಬಂತು. ಜನ ಎಡವುವುದು ಇಲ್ಲೇ.

ಚಿಕ್ಕದು: ಎರಡು ಸಿಡಿ ಅಥವಾ ಮೂರು ಎಲ್‌ಪಿ. ಹೊಸ ಮಿಕ್ಸ್‌ನಲ್ಲಿ ಮೂಲ ಆಲ್ಬಂ, ಅಷ್ಟೇ. ಬಿಡುಗಡೆಯಾಗದ ಒಂದು ಹಾಡೂ ಇಲ್ಲ.

ಮಧ್ಯದ್ದು: ಮೂರು ಸಿಡಿ ಅಥವಾ ಐದು ಎಲ್‌ಪಿ. ಮೂಲ ಆಲ್ಬಂ ಜೊತೆಗೆ ಸ್ಟುಡಿಯೋದಲ್ಲಿ ಉಳಿದ ಟೇಕ್‌ಗಳು (ಒಂದು ಹಾಡನ್ನು ಒಂದು ಸಲ ಮುದ್ರಿಸಿದರೆ ಒಂದು ಟೇಕ್) ಮತ್ತು ಜ್ಯಾಮ್, ಹೀಗೆ ಇನ್ನೂ 17 ತುಣುಕು.

ದೊಡ್ಡದು: ಐದು ಸಿಡಿ ಮತ್ತು ಒಂದು ಬ್ಲೂ-ರೇ, ಇಲ್ಲವೇ ಎಂಟು ಎಲ್‌ಪಿ. 70 ಟ್ರ್ಯಾಕ್. ಅವುಗಳಲ್ಲಿ 47 ಡೆಮೊ ಮತ್ತು ಔಟ್‌ಟೇಕ್ (ಆಲ್ಬಂಗೆ ಬಳಸದೆ ಬಿಟ್ಟ ಟೇಕ್), ಆ 47ರಲ್ಲಿ 42 ಅಲ್ಲಿಯವರೆಗೆ ಬಿಡುಗಡೆಯೇ ಆಗಿರದಿದ್ದವು.

ಅತಿ ದೊಡ್ಡದು: ಮರದ ಪೆಟ್ಟಿಗೆ, ಬಂದಾಗ ಸುಮಾರು 1000 ಡಾಲರ್ ಇತ್ತು. ಹಾಡು ದೊಡ್ಡ ಪೆಟ್ಟಿಗೆಯಲ್ಲಿ ಇರುವಷ್ಟೇ. ಮೇಲಿನ ದುಡ್ಡಿಗೆ ಹೊದಿಕೆಯ ಮೇಲಿರುವ ಕುಳ್ಳರ ಪುಟಾಣಿ ಬೊಂಬೆಗಳು, ಜಾರ್ಜ್ ತೋಟದ ಓಕ್ ಮರದಿಂದ ಮಾಡಿದ ಪುಸ್ತಕದ ಗುರುತುಪಟ್ಟಿ, ಪರಮಹಂಸ ಯೋಗಾನಂದರ ಒಂದು ಪುಸ್ತಿಕೆ, ಜೊತೆಗೆ ರುದ್ರಾಕ್ಷಿ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋಗಿ ಬರುವ ಊರಿನವರು ನಾವು. ರುದ್ರಾಕ್ಷಿಗೆ ಡಾಲರ್ ಕೊಡೋದು ಬೇಡ.

ಚಿಕ್ಕದಕ್ಕೂ ದೊಡ್ಡದಕ್ಕೂ ನಡುವೆ ಸಿಕ್ಕಿಕೊಂಡವರು ‘ಮಧ್ಯದ್ದು ತಗೊಂಡ್ರಾಯ್ತು’ ಅಂತಾರೆ. ನಾಲ್ಕರಲ್ಲಿ ನಾನು ಬೇಡ ಅನ್ನೋದು ಅದನ್ನೇ. ಅದರಲ್ಲಿ ಬಿಟ್ಟಿರುವುದು ಎರಡು ದಿನದ ಡೆಮೊಗಳನ್ನು, ಅಂದರೆ ಈ ಇಡೀ ಮರುಬಿಡುಗಡೆಯ ತಿರುಳನ್ನು.

ಆ ಎರಡು ದಿನ ಯಾವುವು? 1970ರ ಮೇ 26 ಮತ್ತು 27. ಆಲ್ಬಂ ಕೆಲಸ ಶುರು ಮಾಡುವ ಮುಂಚೆ ಜಾರ್ಜ್ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಗೆ ಹೋಗಿ ತನ್ನ ಹತ್ತಿರ ಇದ್ದ ಹಾಡುಗಳನ್ನೆಲ್ಲ ಒಂದೊಂದಾಗಿ ಹಾಡಿ ತೋರಿಸಿದ. ಮೊದಲ ದಿನ 15, ಎರಡನೇ ದಿನ 15. ಮೊದಲ ದಿನ ಜೊತೆಗೆ ರಿಂಗೋ ಡ್ರಮ್ಸ್, ಕ್ಲೌಸ್ ಬಾಸ್. ಎರಡನೇ ದಿನ ಒಬ್ಬನೇ, ಕೈಯಲ್ಲಿ ಒಂದು ಗಿಟಾರ್, ಕೇಳಿಸಿಕೊಳ್ಳಲು ಸ್ಪೆಕ್ಟರ್.

ಎರಡನೇ ದಿನದ ಹಾಡುಗಳು ಅಭಿಮಾನಿಗಳಿಗೆ ಪೂರ್ತಿ ಹೊಸದಲ್ಲ. 90ರ ದಶಕದಲ್ಲೇ ಕಳ್ಳ ಸಿಡಿಯಾಗಿ ಹೊರಬಿದ್ದಿದ್ದವು. ಹತ್ತು ಕೈ ದಾಟಿದ ಕ್ಯಾಸೆಟ್‌ನಿಂದ ಹಾಡು ತುಂಬಿಸಿಕೊಂಡವರಿಗೆ ಆ ಸದ್ದು ಎಂಥದ್ದಂತ ಗೊತ್ತು. 2021ರಲ್ಲಿ ಅದೇ ಟೇಪ್ ಸ್ವಚ್ಛವಾಗಿ ಬಂದಿದೆ. ‘ಲೆಟ್ ಇಟ್ ಡೌನ್’ ಆಲ್ಬಂನಲ್ಲಿ ಇಡೀ ತಂಡದ ಅಬ್ಬರದಿಂದ ಶುರುವಾಗುತ್ತೆ, ಇಯರ್‌ಫೋನ್ ಹಾಕಿಕೊಂಡಿದ್ದರೆ ಬೆಚ್ಚಿಬೀಳಬೇಕು. ಡೆಮೊದಲ್ಲಿ ಅದೇ ಹಾಡು ಒಂದು ಗಿಟಾರ್ ಮೇಲೆ, ಪಕ್ಕದ ಸೀಟಿನವರಿಗೆ ಹೇಳಿದಷ್ಟು ಮೆತ್ತಗೆ. ಎರಡನ್ನೂ ಒಂದಾದ ಮೇಲೊಂದು ಹಾಕಿ. ಸ್ಪೆಕ್ಟರ್ ಏನು ಸೇರಿಸಿದ, ಏನು ಮುಚ್ಚಿದ ಅನ್ನೋದು ಎರಡೇ ಹಾಡಿನಲ್ಲಿ ಗೊತ್ತಾಗುತ್ತೆ.

ಮೊದಲ ದಿನದ್ದರಲ್ಲಿ ನಮ್ಮ ಕಿವಿಗೆ ಬೇಗ ತಾಗುವವು ಎರಡು. ‘ಡೆಹ್ರಾ ಡೂನ್’ ಋಷಿಕೇಶದ ದಿನಗಳಿಂದ ಬಂದ ಹಾಡು. 1968ರಲ್ಲಿ ಬೀಟಲ್ಸ್ ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಇದ್ದರಲ್ಲ, ಆಗಿನದು. ಇನ್ನೊಂದು ‘ಓಂ ಹರೇ ಓಂ’, ಗೋಪಾಲಕೃಷ್ಣನ ಮೇಲೆ. ಶನಿವಾರದ ಭಜನೆ ಕೇಳಿ ಬೆಳೆದವರಿಗೆ ಒಂದು ಸಾಲು ಮುಗಿಯುವಷ್ಟರಲ್ಲಿ ಮುಂದಿನ ಸಾಲು ಬಾಯಿಗೆ ಬರುತ್ತೆ. ಇವೆರಡೂ ಅಂತಿಮ ಆಲ್ಬಂಗೆ ಹೋಗಲಿಲ್ಲ. ಮಧ್ಯದ ಅಳತೆಯಲ್ಲಿ ಇವು ಇಲ್ಲ ಅನ್ನೋದೇ ನನ್ನ ತಕರಾರು.

ಐದನೇ ಸಿಡಿಯ ಟೇಕ್‌ಗಳು ಬೇರೆ ಥರ. ಇಲ್ಲಿ ತಂಡ ಪೂರ್ತಿ ಇದೆ, ಸ್ಪೆಕ್ಟರ್‌ನ ಬಣ್ಣ ಇನ್ನೂ ಬಳಿದಿಲ್ಲ. ‘ಇಸಂಟ್ ಇಟ್ ಎ ಪಿಟಿ’ ಎರಡು ಸಲ ಬರುತ್ತೆ, 14ನೇ ಟೇಕ್ ಮತ್ತು 27ನೇ ಟೇಕ್. ಅದರಲ್ಲೊಂದರಲ್ಲಿ, ಇನ್ನೆಷ್ಟು ಸಲ ಹಾಡಿಸ್ತೀರಪ್ಪಾ ಅನ್ನುವ ಅರ್ಥದ ಸಾಲನ್ನು ಅದೇ ರಾಗಕ್ಕೆ ಕಟ್ಟಿ ಹಾಡಿ ತಮಾಷೆ ಮಾಡ್ತಾನೆ. ಅಷ್ಟು ಗಂಭೀರ ಹಾಡಿನ ಹಿಂದೆ ಇಂಥ ನಗು ಇತ್ತು ಅಂತ ಮೂಲ ಪ್ಲೇಟ್‌ನಿಂದ ಗೊತ್ತಾಗೋದೇ ಇಲ್ಲ. ಉಳಿದ ಜ್ಯಾಮ್‌ಗಳು ಒಂದು ಸಲ ಕೇಳಲು ಚೆನ್ನ. ಎರಡನೇ ಸಲ ನಾನು ಹಾಕಿಲ್ಲ.

ಇನ್ನು ಬಿಟ್ಟುಹೋದವು. 2001ರ ‘ಐ ಲಿವ್ ಫಾರ್ ಯು’ ದೊಡ್ಡ ಪೆಟ್ಟಿಗೆಯಲ್ಲಿ ಇಲ್ಲ. ಅದೇ ಹೆಸರು ಪಟ್ಟಿಯಲ್ಲಿ ಕಾಣಿಸುತ್ತೆ, ನಿಜ, ಆದರೆ ಅದು ಮೊದಲ ದಿನದ ಡೆಮೊ. ಪೆಡಲ್ ಸ್ಟೀಲ್ ಇರುವ, ಅಪ್ಪ ಮಗ ಸೇರಿ ಮುಗಿಸಿದ ರೂಪ ಅದಲ್ಲ. 2001ರ ‘ಲೆಟ್ ಇಟ್ ಡೌನ್’ ಇಲ್ಲ, ಅದರ ಬದಲು ಏನೂ ಸೇರಿಸದ ಡೆಮೊ ಇದೆ. ‘ವಾಟ್ ಈಸ್ ಲೈಫ್’ನ ಓಬೋ ಇರುವ ಟ್ರ್ಯಾಕ್ ಇಲ್ಲ. ‘ಮೈ ಸ್ವೀಟ್ ಲಾರ್ಡ್’ನ 2000ದ ಹೊಸ ಹಾಡಿಕೆಯೂ ಇಲ್ಲ. ಏಕೆ ಬಿಟ್ಟರು? ನನ್ನ ಊಹೆ ಇಷ್ಟೇ: 2021ರ ಪೆಟ್ಟಿಗೆ ಪೂರ್ತಿ 1970ರ ಕಥೆ ಹೇಳುತ್ತೆ. 2000ದಲ್ಲಿ ಕೈ ಇಟ್ಟಿದ್ದೆಲ್ಲ ಆ ಕಥೆಯ ಹೊರಗೆ ನಿಂತಿತು. ಇದರಲ್ಲಿ ಒಂದು ನ್ಯಾಯ ಇದೆ. ಆದರೆ ಆಲ್ಬಂನ ಒಡೆಯ ಬದುಕಿದ್ದಾಗ ‘ಇದನ್ನು ಸೇರಿಸಿ’ ಅಂದಿದ್ದನ್ನು ಅವನು ಹೋದ ಮೇಲೆ ಬಂದ ‘ಪೂರ್ತಿ’ ಆವೃತ್ತಿಯಲ್ಲಿ ಬಿಡೋದು ನನಗೆ ಸರಿ ಕಾಣಲ್ಲ. ಇದ್ದ ಜಾಗದಲ್ಲಿ ನಾಲ್ಕು ಹಾಡು ಹಿಡಿಸುತ್ತಿರಲಿಲ್ವಾ?

ಇನ್ನೊಂದು ಕಡೆಯೂ ಹುಡುಕಬೇಕು. 2012ರಲ್ಲಿ ‘ಅರ್ಲಿ ಟೇಕ್ಸ್ ವಾಲ್ಯೂಮ್ 1’ ಅಂತ ಹತ್ತು ಹಾಡಿನ ಪುಟ್ಟ ಆಲ್ಬಂ ಬಂತು. ಅರ್ಧಕ್ಕಿಂತ ಜಾಸ್ತಿ ಇದೇ ಆಲ್ಬಂನ ಡೆಮೊ ಮತ್ತು ಮೊದಮೊದಲ ಟೇಕ್‌ಗಳು. ಜೊತೆಗೆ ದೊಡ್ಡ ಪೆಟ್ಟಿಗೆಯಲ್ಲಿ ಸಿಗದ, ಬಾಬ್ ಡಿಲನ್ ಬರೆದ ‘ಮಾಮಾ ಯೂವ್ ಬೀನ್ ಆನ್ ಮೈ ಮೈಂಡ್’ ಇದೆ. ಇನ್ನೂ ಹಿಂದಕ್ಕೆ ಹೋಗುವವರಿಗೆ ಬೀಟಲ್ಸ್‌ನ ‘ಆ್ಯಂಥಾಲಜಿ 3’ ಇದೆ, 1996ರದ್ದು. ಅದರಲ್ಲಿ ಜಾರ್ಜ್ 1969ರ ಫೆಬ್ರುವರಿ 25ರಂದು, ತನ್ನ 26ನೇ ಹುಟ್ಟುಹಬ್ಬದ ದಿನ, ಒಬ್ಬನೇ ಹೋಗಿ ಹಾಡಿದ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಡೆಮೊ ಸಿಗುತ್ತೆ. ಈ ಹಾಡಿನ ಎಲ್ಲ ರೂಪಗಳಲ್ಲಿ ನನಗೆ ಅದೇ ಮೇಲು.

ಇಷ್ಟಾದರೂ ಡಬ್ಬದಲ್ಲಿ ಉಳಿದ ಟೇಪ್ ಬೇಕಾದಷ್ಟಿದೆ. ‘ರನ್ ಆಫ್ ದ ಮಿಲ್’ನ 36ನೇ ಟೇಕ್ ಕೊಟ್ಟಿದ್ದಾರೆ ಅಂದರೆ ಅದಕ್ಕೂ ಹಿಂದಿನವು ಎಲ್ಲೋ ಇರಬೇಕಲ್ಲ. ಅರ್ಧಕ್ಕೆ ನಿಂತವು, ತಾಳ ತಪ್ಪಿದವು ಅದರಲ್ಲಿ ಸೇರಿರುತ್ತವೆ. ಅವೆಲ್ಲ ಹೊರಗೆ ಬರಲಿ ಅಂತ ನಾನಂತೂ ಕಾಯ್ತಾ ಇಲ್ಲ.

ಮಿಕ್ಸ್ ವಿಚಾರದಲ್ಲಿ ಜಗಳ ಇದ್ದೇ ಇದೆ. 2021ರದ್ದರಲ್ಲಿ ಜಾರ್ಜ್ ದನಿ ಮುಂದೆ ಬಂದಿದೆ, ಬಾಸ್ ತುಂಬಿ ಕೇಳುತ್ತೆ, ಪ್ರತಿಧ್ವನಿ ತಗ್ಗಿದೆ. ಪದ ಹಿಡಿದು ಕೇಳುವವರಿಗೆ, ಇಂಗ್ಲಿಷ್ ಹಾಡಿನ ಮಾತು ಬೇಗ ಕಿವಿಗೆ ಬೀಳದವರಿಗೆ, ಇದು ದೊಡ್ಡ ಉಪಕಾರ. ರೈಲಿನ ಸದ್ದಿನ ನಡುವೆಯೂ ಇದೇ ವಾಸಿ. ಆದರೆ ‘ವಾ-ವಾ’ಕ್ಕೆ ಆ ಗಲಾಟೆಯೇ ಬೇಕು. ಸಿಟ್ಟಿನಲ್ಲಿ ಬರೆದ ಹಾಡನ್ನು ಹದವಾಗಿ, ಅಚ್ಚುಕಟ್ಟಾಗಿ ಜೋಡಿಸಿಟ್ಟರೆ ಸಿಟ್ಟೇ ಕಡಿಮೆಯಾದ ಹಾಗೆ ಕೇಳುತ್ತೆ. ಆ ಒಂದು ಹಾಡಿಗೆ ನಾನು ಈಗಲೂ 2001ಕ್ಕೇ ಹೋಗ್ತೀನಿ.

ಯಾವುದರಲ್ಲಿ ಕೇಳೋದು ಅನ್ನೋದೂ ಆಯ್ಕೆಯ ಭಾಗವೇ. ಎಂಟು ಎಲ್‌ಪಿ ಅಂದರೆ 16 ಬದಿ, ಒಂದೊಂದಕ್ಕೂ ಎದ್ದು ಹೋಗಬೇಕು. ಒಳ್ಳೆ ಟರ್ನ್‌ಟೇಬಲ್ ಮನೆಯಲ್ಲಿ ಇದ್ದವರಿಗೆ ಮಾತ್ರ. ತಾತನ ಕಾಲದ ಕೊಂಬಿನ ಗ್ರಾಮಫೋನ್ ಅಟ್ಟದ ಮೇಲಿದೆ ಅಂತ ಖುಷಿಪಡಬೇಡಿ. ಗುಬ್ಬಿ ಕಂಪನಿ ಕಾಲದ ಆ ಯಂತ್ರಗಳು ನಿಮಿಷಕ್ಕೆ 78 ಸುತ್ತಿನ ಪ್ಲೇಟ್‌ಗೆ ಮಾಡಿದ್ದು, ಎಲ್‌ಪಿ ಸುತ್ತುವುದು 33 ಚಿಲ್ಲರೆ. ಆ ಕಬ್ಬಿಣದ ಸೂಜಿ ಇಟ್ಟರೆ ಎಲ್‌ಪಿಯ ಗೆರೆ ಒಂದೇ ಸಲಕ್ಕೆ ಹಾಳು. ದೊಡ್ಡ ಪೆಟ್ಟಿಗೆಯ ಬ್ಲೂ-ರೇಯಲ್ಲಿ ಮೂಲ ಆಲ್ಬಂ ಸುತ್ತುಧ್ವನಿಯಲ್ಲಿ ಇದೆ, 5.1 ಮತ್ತು ಡಾಲ್ಬಿ ಅಟ್ಮಾಸ್ ಎರಡೂ. ಅದಕ್ಕೆ ಬ್ಲೂ-ರೇ ಪ್ಲೇಯರ್ರೇ ಬೇಕು, ಟಿವಿ ಕೆಳಗಿರುವ ಹಳೇ ಡಿವಿಡಿ ಪ್ಲೇಯರ್‌ನಲ್ಲಿ ಓಡಲ್ಲ. ಬ್ಲೂ-ರೇಯಲ್ಲಿ ಡೆಮೊಗಳಿಲ್ಲ ಅನ್ನೋದನ್ನೂ ನೆನಪಿಡಿ. ಪೆಟ್ಟಿಗೆಯ ಅಂದಕ್ಕೇನೋ 2022ರಲ್ಲಿ ಗ್ರ್ಯಾಮಿ ಬಂತು. ಕಪಾಟಿನಲ್ಲಿ ಇಟ್ಟು ನೋಡಲು ಬೇಕು ಅನ್ನುವವರಿಗೆ ಅದೂ ಒಂದು ಕಾರಣ.

ನನ್ನನ್ನು ಕೇಳಿದರೆ ಹೀಗೆ. ಈ ಆಲ್ಬಂ ಇದುವರೆಗೆ ಕೇಳೇ ಇಲ್ಲದವರು ಡೆಮೊಗೆ ಹೋಗಬೇಡಿ, 2021ರ ಹೊಸ ಮಿಕ್ಸ್‌ನಲ್ಲಿ ಮೊದಲ 18 ಹಾಡು ಕೇಳಿ. ಮೂಲ ಆಲ್ಬಂ ಪೂರ್ತಿ ಒಂದೂಮುಕ್ಕಾಲು ಗಂಟೆ, ತುಮಕೂರಿನಿಂದ ಯಶವಂತಪುರ ಮುಟ್ಟುವಷ್ಟರಲ್ಲಿ ಮುಗಿಯಲ್ಲ. ಜ್ಯಾಮ್ ಬಿಟ್ಟರೆ ನಷ್ಟ ಇಲ್ಲ. ಹಾಡುಗಳು ಗೊತ್ತಿರುವವರು ದೊಡ್ಡ ಪೆಟ್ಟಿಗೆಯ ಎರಡನೇ ದಿನದ 15 ಡೆಮೊಗಳನ್ನು ಒಂದೇ ಸಲಕ್ಕೆ ಕೇಳಿ. ಅವು ಸ್ಟ್ರೀಮಿಂಗ್‌ನಲ್ಲೇ ಸಿಗುವುದರಿಂದ ಅದಕ್ಕೆಂದೇ ಸಿಡಿ ತರಿಸೋದು ಬೇಕಿಲ್ಲ. ದುಡ್ಡು ಕೊಟ್ಟು ಒಂದನ್ನು ಕೈಯಲ್ಲಿ ಹಿಡಿಯಬೇಕು ಅನ್ನುವವರಿಗೆ ನನ್ನ ಓಟು 2001ರ ಎರಡು ಸಿಡಿಗೆ. ಜಾರ್ಜ್ ತಾನೇ ಆರಿಸಿ ಕೊಟ್ಟಿದ್ದು ಅದೊಂದೇ. ಎಲ್ಲವೂ ಬೇಕು ಅನ್ನುವವರು 2001ರದ್ದು ಮತ್ತು 2021ರ ಐದು ಸಿಡಿಯ ಪೆಟ್ಟಿಗೆ, ಎರಡನ್ನೂ ಇಟ್ಟುಕೊಳ್ಳಲೇಬೇಕು.

ಹಳೇ ಸಿಡಿ ಕೊಳ್ಳುವಾಗ ಮೊದಲು ಹೊದಿಕೆ ನೋಡಿ. ಚಿತ್ರಕ್ಕೆ ಬಣ್ಣ ಇದ್ದರೆ 2001ರದ್ದು. ಅಷ್ಟಕ್ಕೇ ನಂಬದೆ ಹಿಂದೆ ತಿರುಗಿಸಿ ಮೊದಲ ಸಿಡಿಯ ಪಟ್ಟಿಯಲ್ಲಿ ‘ಐ ಲಿವ್ ಫಾರ್ ಯು’ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಅದು 2001ಕ್ಕೂ ಹಿಂದಿನ ಸಿಡಿ ಅಥವಾ 2021ರ ಚಿಕ್ಕದು. ಮಾರುವವರು ‘ಎಲ್ಲಾ ಒಂದೇ ಸಾರ್’ ಅಂದರೂ ಚೌಕಾಸಿಗೆ ಕೂರಬೇಡಿ, ವಾಪಸ್ ಇಟ್ಟುಬಿಡಿ.